ಪಿತ್ತಕೋಶದಲ್ಲಿ ಕಲ್ಲಿದ್ದಾಗ ಊಟ: ಕೊಡಗಿನ ಅಡುಗೆಮನೆಗೊಂದು ಹಂತ ಹಂತದ ಮಾರ್ಗದರ್ಶಿ

ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ಕಲ್ಲು ಕಂಡ ಮೇಲೆ ನಮ್ಮ ಕಡೆ ನಡೆಯುವ ಕಥೆ ಹೆಚ್ಚುಕಡಿಮೆ ಒಂದೇ. ಹದಿನೈದು ದಿನ ಗಂಜಿ, ಉಪ್ಪಿನಕಾಯಿ. ಹದಿನಾರನೆಯ ದಿನ ವಿರಾಜಪೇಟೆಯಲ್ಲೋ ಗೋಣಿಕೊಪ್ಪಲಿನಲ್ಲೋ ಒಂದು ಮದುವೆ. ‘ಇಷ್ಟು ದಿನ ಪಥ್ಯ ಮಾಡಿದ್ದೇನಲ್ಲ, ಒಂದು ದಿನಕ್ಕೆ ಏನಾಗುತ್ತದೆ’ ಎಂದುಕೊಂಡು ಪಂದಿಕರಿಯನ್ನು (ಹಂದಿಮಾಂಸದ ಸಾರು) ಎರಡು ಸಲ ಹಾಕಿಸಿಕೊಳ್ಳುವುದು. ರಾತ್ರಿ ಒಂದೂವರೆಗೆ ಬಲಪಕ್ಕೆ ಹಿಡಿದುಕೊಂಡು ಜೀಪು ಹತ್ತುವುದು. ನನಗೆ ಹೀಗೆ ಆದದ್ದು ಒಂದು ಸಲವಲ್ಲ, ಮೂರು ಸಲ. ಮೂರನೆಯ ಸಲ ಬುದ್ಧಿ ಬಂತು: ತಪ್ಪು ಪಂದಿಕರಿಯದ್ದಷ್ಟೇ ಆಗಿರಲಿಲ್ಲ, ಅದಕ್ಕೂ ಮೊದಲಿನ ಹದಿನೈದು ದಿನಗಳದ್ದೂ ಆಗಿತ್ತು.

ನಾನು ವೈದ್ಯಳಲ್ಲ. ಮೂರು ಕಲ್ಲುಗಳ ಜೊತೆ ಎರಡು ವರ್ಷ ಬಾಳಿ, ಅದೇ ಒಲೆಯಲ್ಲಿ ಮನೆಮಂದಿಗೆಲ್ಲ ಅಡುಗೆ ಮಾಡಿದವಳು. ಕಲ್ಲು ಕಂಡವರು ಫೋನ್ ಮಾಡಿ ಕೇಳುವ ಪ್ರಶ್ನೆಗಳು, ಎಡವುವ ಜಾಗಗಳು ಒಂದೇ ಆಗಿರುವುದರಿಂದ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ. ಹಂತಗಳ ಕ್ರಮ ಬದಲಿಸಬೇಡಿ. ಹೆಚ್ಚಿನವರು ಸೋಲುವುದು ಐದನೆಯ ಹಂತದಿಂದ ಶುರು ಮಾಡುವುದರಿಂದಲೇ.

ಒಂದು ವಿಷಯ ಮೊದಲೇ ತಿಳಿದಿರಲಿ. ಪಿತ್ತರಸ ತಯಾರಾಗುವುದು ಯಕೃತ್ತಿನಲ್ಲಿ. ಅದನ್ನು ಗಟ್ಟಿ ಮಾಡಿ ಕೂಡಿಡುವ 30ರಿಂದ 50 ಮಿ.ಲೀ. ಹಿಡಿಸುವ ಪುಟ್ಟ ಚೀಲವೇ ಪಿತ್ತಕೋಶ. ತಿಂದ ಜಿಡ್ಡು ಜಠರ ದಾಟಿ ಸಣ್ಣ ಕರುಳಿಗೆ ಇಳಿದೊಡನೆ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನು ಹೊರಡುತ್ತದೆ, ಚೀಲ ಹಿಂಡಿಕೊಳ್ಳುತ್ತದೆ. ಆ ಹೊತ್ತಿಗೆ ಕಲ್ಲು ಬಂದು ಚೀಲದ ಬಾಯಿಗೆ ಸಿಕ್ಕಿಕೊಂಡರೆ ನೋವು. ಊಟ ಕಲ್ಲನ್ನು ಕರಗಿಸುವುದಿಲ್ಲ. ಈ ಚೀಲ ರಭಸದಿಂದ ಹಿಂಡದಂತೆಯೂ, ಹಿಂಡದೆ ಸುಮ್ಮನೆ ತುಂಬಿ ನಿಲ್ಲದಂತೆಯೂ ನೋಡಿಕೊಳ್ಳುವುದಷ್ಟೇ ಊಟದಿಂದ ಆಗುವ ಕೆಲಸ.

## ಬೇಕಾದ ಸಾಮಾನು

5 ಮಿ.ಲೀ. ಅಳತೆಯ ಒಂದು ಚಮಚ. ಔಷಧದ ಬಾಟಲಿಯ ಜೊತೆ ಬರುವುದಾದರೂ ಸಾಕು. ತೆಂಗಿನ ತುರಿ ತೂಗಲು ಅಡುಗೆಮನೆಯ ಸಣ್ಣ ತಕ್ಕಡಿ. ಸಿಗದಿದ್ದರೆ ದಿನಸಿ ಅಂಗಡಿಯಲ್ಲಿ ಒಂದೇ ಒಂದು ಸಲ 30 ಗ್ರಾಂ ತುರಿ ತೂಗಿಸಿ, ಅದು ನಿಮ್ಮ ಮನೆಯ ಯಾವ ಬಟ್ಟಲಿಗೆ ಎಷ್ಟು ಬರುತ್ತದೆ ಎಂದು ಗುರುತು ಹಾಕಿಕೊಳ್ಳಿ. ತಳ ದಪ್ಪಗಿರುವ ಕಾವಲಿ, ಇಡ್ಲಿ ಪಾತ್ರೆ, ನೂಪುಟ್ಟಿನ (ಒತ್ತು ಶಾವಿಗೆಯ) ಒತ್ತುಮಣೆ ಹೇಗೂ ಮನೆಯಲ್ಲಿರುತ್ತವೆ. ಒಂದು ನೋಟ್‌ಬುಕ್. ಒಂದು ಪ್ಲಾಸ್ಟಿಕ್ ಕವರಿನಲ್ಲಿ ಸ್ಕ್ಯಾನಿಂಗ್ ವರದಿ.

## ಹಂತ 1: ಯಾವ ಕಲ್ಲು, ಯಾವ ನೋವು ಎಂದು ಖಚಿತಪಡಿಸಿಕೊಳ್ಳಿ

‘ಹೊಟ್ಟೆಯಲ್ಲಿ ಕಲ್ಲಿದೆಯಂತೆ’ ಎಂಬ ಮಾತು ಮನೆಯಿಂದ ಮನೆಗೆ ದಾಟುವಷ್ಟರಲ್ಲಿ ಮೂತ್ರಪಿಂಡದ ಕಲ್ಲೂ ಪಿತ್ತಕೋಶದ ಕಲ್ಲೂ ಒಂದೇ ಆಗಿಬಿಡುತ್ತವೆ. ಮರುದಿನವೇ ಬಾಳೆದಿಂಡಿನ ರಸ, ಹುರುಳಿ ಕಟ್ಟು, ದಿನಕ್ಕೆ ಐದು ಲೀಟರ್ ನೀರು ಶುರು. ಮೂತ್ರಪಿಂಡದ ಕಲ್ಲಿರುವುದು ಮೂತ್ರದ ದಾರಿಯಲ್ಲಿ, ಅಲ್ಲಿಗೆ ನೀರು ಹೋಗುತ್ತದೆ. ಪಿತ್ತಕೋಶದ ಕಲ್ಲಿರುವುದು ಪಿತ್ತದ ದಾರಿಯಲ್ಲಿ. ನೀವು ಕುಡಿದ ನೀರು ಅದನ್ನು ತೊಳೆದುಕೊಂಡು ಹೋಗುವುದಿಲ್ಲ. ಹುರುಳಿ ಕಟ್ಟು ಕುಡಿಯಿರಿ, ಒಳ್ಳೆಯ ಸಾರು ಅದು. ಕಲ್ಲಿಗೆ ಮದ್ದು ಎಂದು ನಂಬಿ ಕುಡಿಯಬೇಡಿ.

ಎರಡನೆಯ ಗೊಂದಲ ಗ್ಯಾಸ್ಟ್ರಿಕ್‌ನದು. ಪಿತ್ತಕೋಶದ ನೋವು ಸಾಮಾನ್ಯವಾಗಿ ಬಲಪಕ್ಕೆಯ ಕೆಳಗೆ ಅಥವಾ ಎದೆಗುಳಿಯಲ್ಲಿ ಶುರುವಾಗಿ ಬಲ ಹೆಗಲ ಮೂಳೆಯ ಕಡೆಗೆ ಹರಡುತ್ತದೆ. ಭಾರದ ಊಟವಾದ ಮೇಲೆ, ಹೆಚ್ಚಾಗಿ ರಾತ್ರಿ ಬರುತ್ತದೆ. ಅರ್ಧ ಗಂಟೆಯಿಂದ ಕೆಲವು ಗಂಟೆಗಳವರೆಗೆ ಒಂದೇ ಸಮನೆ ಹಿಡಿದು ನಿಲ್ಲುತ್ತದೆ. ತೇಗಿದರೆ, ಮಗ್ಗುಲು ಬದಲಿಸಿದರೆ, ಸೋಡಾ ಕುಡಿದರೆ ಇಳಿಯುವುದಿಲ್ಲ. ನಾನು ಎಂಟು ತಿಂಗಳು ಗ್ಯಾಸ್ಟ್ರಿಕ್ ಮಾತ್ರೆ ನುಂಗಿದೆ. ನೋವು ತಾನಾಗಿ ಇಳಿದಾಗಲೆಲ್ಲ ಹೆಸರು ಮಾತ್ರೆಗೆ ಹೋಗುತ್ತಿತ್ತು. ಎದೆಯ ನಡುವೆ ಒತ್ತಿದಂತಾಗಿ ಬೆವರು, ಉಸಿರಾಟದ ತೊಂದರೆ ಅಥವಾ ಎಡಗೈ ನೋವು ಬಂದರೆ ಅದನ್ನು ಪಿತ್ತವೆಂದು ಕೂರಬೇಡಿ. ಹೃದಯದ್ದೆಂದೇ ತಿಳಿದು ತಕ್ಷಣ ಹೊರಡಿ.

ಸ್ಕ್ಯಾನಿಂಗ್‌ಗೆ ಹೋಗುವವರಿಗೆ ಒಂದು ಮಾತು. ಹೊಟ್ಟೆಯ ಅಲ್ಟ್ರಾಸೌಂಡ್‌ಗೆ ಆರರಿಂದ ಎಂಟು ಗಂಟೆ ಏನೂ ತಿಂದಿರಬಾರದು. ಚೀಲ ತುಂಬಿದ್ದರೆ ಮಾತ್ರ ಒಳಗಿನ ಕಲ್ಲು ಚೆನ್ನಾಗಿ ಕಾಣುತ್ತದೆ. ಬೆಳಿಗ್ಗೆ ಆರರ ಬಸ್ಸಿಗೆ ಹೊರಡುವ ಮೊದಲು ‘ಒಂದು ಲೋಟ ಕಾಫಿಯಷ್ಟೇ’ ಎಂದು ಹಾಲಿನ ಕಾಫಿ ಕುಡಿದು, ಮಡಿಕೇರಿಯವರೆಗೆ ಹೋಗಿ, ನಾಳೆ ಬನ್ನಿ ಎನ್ನಿಸಿಕೊಂಡು ವಾಪಸಾದವರು ನಮ್ಮ ಮನೆಯಲ್ಲೇ ಇಬ್ಬರಿದ್ದಾರೆ.

ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಕಲ್ಲು ಕಂಡಿದೆ, ನೋವು ಒಮ್ಮೆಯೂ ಬಂದಿಲ್ಲ ಎನ್ನುವವರು ಗಾಬರಿಯಾಗಬೇಕಿಲ್ಲ. ಅಂಥವರಲ್ಲಿ ಬಹಳ ಮಂದಿಗೆ ಮುಂದೆಯೂ ನೋವು ಬರುವುದಿಲ್ಲ, ಸಾಮಾನ್ಯವಾಗಿ ಚಿಕಿತ್ಸೆಯೂ ಬೇಕಾಗುವುದಿಲ್ಲ. 4, 5 ಮತ್ತು 8ನೆಯ ಹಂತ ನೋಡಿಕೊಂಡರೆ ಸಾಕು. ಸಿಕಲ್ ಸೆಲ್ ರಕ್ತಹೀನತೆಯಂಥ ತೊಂದರೆ ಇರುವವರಲ್ಲಿ ಚಿಕ್ಕ ವಯಸ್ಸಿನಲ್ಲೇ ಬೇರೆ ಬಗೆಯ ಕಲ್ಲು ಕಟ್ಟುತ್ತದೆ. ಅದು ರಕ್ತಕಣಗಳು ಬೇಗ ಒಡೆಯುವುದರಿಂದ ಬಂದದ್ದು. ಅಂಥವರು ಊಟವನ್ನು ನಂಬಿ ಕೂರದೆ ಮೊದಲು ವೈದ್ಯರ ಬಳಿ ಹೋಗಬೇಕು.

## ಹಂತ 2: ಅಪಾಯದ ಚಿಹ್ನೆಗಳನ್ನು ಗೋಡೆಗೆ ಅಂಟಿಸಿ

ಇದನ್ನು ಕೊನೆಯಲ್ಲಿ ಬರೆಯುವುದು ರೂಢಿ. ಕೊನೆಯವರೆಗೆ ಯಾರೂ ಓದುವುದಿಲ್ಲವಾದ್ದರಿಂದ ಇಲ್ಲೇ ಬರೆಯುತ್ತೇನೆ. ಇವುಗಳಲ್ಲಿ ಒಂದು ಕಂಡರೂ ಪಥ್ಯದ ಮಾತು ಬಿಟ್ಟು ಆಸ್ಪತ್ರೆಗೆ ಹೋಗಬೇಕು:

- ಐದಾರು ಗಂಟೆ ಕಳೆದರೂ ಇಳಿಯದ ನೋವು
- ನೋವಿನ ಜೊತೆ ಜ್ವರ, ಅದರಲ್ಲೂ ಚಳಿ ನಡುಕ
- ಕಣ್ಣಿನ ಬಿಳಿಭಾಗ ಹಳದಿ, ಮೂತ್ರ ಕಡುಬಣ್ಣ, ಮಲ ಸುಣ್ಣದಂತೆ ಬೆಳ್ಳಗೆ
- ಹೊಟ್ಟೆಯ ಮೇಲ್ಭಾಗದಿಂದ ಬೆನ್ನಿಗೆ ತೂರಿದಂಥ ನೋವು, ನಿಲ್ಲದ ವಾಂತಿ

ಮೂರನೆಯದು ಕಲ್ಲು ಚೀಲದಿಂದ ಜಾರಿ ಪಿತ್ತದ ದೊಡ್ಡ ನಾಳದಲ್ಲಿ ಸಿಕ್ಕಿದ್ದರ ಗುರುತು ಆಗಿರಬಹುದು. ಆಗ ಕಾಮಾಲೆಯೆಂದು ನಾಟಿ ಔಷಧಕ್ಕೆ ವಾರಗಟ್ಟಲೆ ಕಳೆಯುವುದು ನಮ್ಮ ಜಿಲ್ಲೆಯಲ್ಲಿ ಬಹಳ ಸಾಮಾನ್ಯ, ಬಹಳ ಅಪಾಯ. ನಾಲ್ಕನೆಯದು ಮೇದೋಜೀರಕ ಗ್ರಂಥಿಯ ಉರಿಯೂತವಿರಬಹುದು. ಅದು ಪ್ರಾಣಕ್ಕೆ ಬರುವಂಥದ್ದು.

ಕೊಡಗಿನವರಿಗಷ್ಟೇ ಬೇಕಾದ ಒಂದು ಅಡಿಟಿಪ್ಪಣಿ: ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ 3ರ ಸುಮಾರಿಗೆ, ಮದ್ದು ಸೊಪ್ಪಿನ ಪಾಯಸ ಕುಡಿದವರ ಮೂತ್ರ ಮರುದಿನ ಕೆಂಪಗಿರುತ್ತದೆ. ಅದು ಸೊಪ್ಪಿನ ಬಣ್ಣ. ಆದರೆ ಕಣ್ಣೂ ಹಳದಿಯಾಗಿದ್ದರೆ ಸೊಪ್ಪಿನ ಮೇಲೆ ಹಾಕಬೇಡಿ.

ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚುವ ತೋಟದ ಮನೆಯಲ್ಲಿದ್ದೀರಾದರೆ ‘ಬೆಳಗಾಗಲಿ ನೋಡೋಣ’ ಎನ್ನುವ ಲೆಕ್ಕ ಇನ್ನೂ ಬಿಗಿಯಾಗಿರಬೇಕು. 108ರ ಜೊತೆಗೆ ರಾತ್ರಿ ವಾಹನ ತೆಗೆಯಬಲ್ಲ ಇಬ್ಬರ ಸಂಖ್ಯೆ ಗೋಡೆಯ ಮೇಲಿರಲಿ. ನೋವು ಶುರುವಾದ ಮೇಲೆ ಏನನ್ನೂ ತಿನ್ನಿಸಬೇಡಿ. ‘ಖಾಲಿ ಹೊಟ್ಟೆಗೆ ಹೀಗಾಗಿದೆ’ ಎಂದು ಹಾಲು ಕುಡಿಸುವುದಂತೂ ಬೇಡವೇ ಬೇಡ, ಹಾಲಿನ ಜಿಡ್ಡು ಚೀಲವನ್ನು ಮತ್ತೆ ಹಿಂಡಿಸುತ್ತದೆ.

## ಹಂತ 3: ಎರಡು ವಾರ ಏನನ್ನೂ ಬದಲಿಸದೆ ಬರೆದಿಡಿ

ನೋವು ಪದೇ ಪದೇ ಬರುತ್ತಿದ್ದರೆ ಈ ಹಂತ ಬಿಟ್ಟು ನೇರವಾಗಿ ವೈದ್ಯರಲ್ಲಿಗೆ ಹೋಗಿ. ಆಗೊಮ್ಮೆ ಈಗೊಮ್ಮೆ ಬರುವವರು ಬರೆಯಬೇಕು: ಎಷ್ಟು ಗಂಟೆಗೆ ತಿಂದೆ, ಏನು, ಅದಕ್ಕೂ ಮೊದಲು ಎಷ್ಟು ಗಂಟೆ ಖಾಲಿ ಹೊಟ್ಟೆಯಲ್ಲಿದ್ದೆ, ನೋವು ಅಥವಾ ಭಾರ ಯಾವಾಗ ಬಂತು. ನನ್ನ ಪುಸ್ತಕದ ಒಂದು ದಿನ ಹೀಗಿದೆ: ‘6.00 ಬೆಲ್ಲದ ಕಾಫಿ. 11.15 ಅಕ್ಕಿ ಒಟ್ಟಿ (ರೊಟ್ಟಿ) 3, ಎಳ್ಳು ಪಜ್ಜಿ (ಚಟ್ನಿ). 4.00 ಕಾಫಿ, ಚಕ್ಕುಲಿ. 9.30 ಅನ್ನ, ಕೋಳಿ ಸಾರು, ಹಪ್ಪಳ. 11.40 ನೋವು.’ ಕೋಳಿಯನ್ನೇ ಬೈಯುತ್ತಿದ್ದ ನನಗೆ ಕಣ್ಣಿಗೆ ಬಿದ್ದದ್ದು ಬೆಳಗಿನ ಹನ್ನೊಂದೂಕಾಲು.

ಪಕ್ಕದ ಮನೆಯವರ ಪಟ್ಟಿ ನಿಮ್ಮದಾಗುವುದಿಲ್ಲ. ಕೆಲವರಿಗೆ ಮೊಟ್ಟೆ, ಕೆಲವರಿಗೆ ಬರೀ ಕಾಫಿ ನೋವು ತರುತ್ತದೆ, ಇನ್ನು ಕೆಲವರಿಗೆ ಎರಡೂ ಏನೂ ಮಾಡುವುದಿಲ್ಲ.

## ಹಂತ 4: ಜಿಡ್ಡಿಗೆ ಕೈ ಹಾಕುವ ಮೊದಲು ಹೊತ್ತು ಸರಿಪಡಿಸಿ

ತೋಟದ ದಿನಚರಿ ಪಿತ್ತಕೋಶಕ್ಕೆ ಹೇಳಿ ಮಾಡಿಸಿದಂಥದ್ದಲ್ಲ. ಬೆಳಿಗ್ಗೆ ಆರಕ್ಕೆ ಒಂದು ಕಾಫಿ, ಕಾಫಿ ಹಣ್ಣು ಕೊಯ್ಯುವ ಕಾಲವಾದರೆ ಹಾಗೇ ತೋಟಕ್ಕೆ, ತಿಂಡಿ ಹತ್ತೂವರೆಗೋ ಹನ್ನೊಂದಕ್ಕೋ. ಹಿಂದಿನ ರಾತ್ರಿಯ ಊಟದಿಂದ ಲೆಕ್ಕ ಹಾಕಿದರೆ ಹದಿಮೂರು ಗಂಟೆ ಪಿತ್ತ ಚೀಲದಲ್ಲೇ ನಿಂತಿರುತ್ತದೆ. ನಿಂತಷ್ಟೂ ಗಟ್ಟಿಯಾಗುತ್ತದೆ, ಕೆಸರು ಕಟ್ಟುತ್ತದೆ. ಆಮೇಲೆ ಹಸಿದ ಹೊಟ್ಟೆಗೆ ಒಮ್ಮೆಲೇ ಬೀಳುವ ಊಟಕ್ಕೆ ಪೂರ್ತಿ ತುಂಬಿದ ಚೀಲ ಪೂರ್ತಿ ಬಲದಿಂದ ಹಿಂಡುತ್ತದೆ.

ಆದ್ದರಿಂದ ಮೊದಲ ಎರಡು ವಾರ ಎಣ್ಣೆ ಲೆಕ್ಕ ಹಾಕಬೇಡಿ, ಗಡಿಯಾರ ಮಾತ್ರ ನೋಡಿ. ಎದ್ದ ಒಂದೂವರೆ ಗಂಟೆಯೊಳಗೆ ತಿಂಡಿ. ಅಲ್ಲಿಂದ ನಾಲ್ಕು ಗಂಟೆಗೊಮ್ಮೆ ಏನಾದರೂ. ರಾತ್ರಿಯೂಟ ಎಂಟರೊಳಗೆ, ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲು. ತೋಟಕ್ಕೆ ಹೋಗುವವರು ಡಬ್ಬಿಯಲ್ಲಿ ಎರಡು ಕಡುಬು, ಒಂದು ಬಾಳೆಹಣ್ಣು ಕಟ್ಟಿಕೊಳ್ಳಿ. ಕಿತ್ತಳೆ ಕಾಲದಲ್ಲಿ ಕಿತ್ತಳೆ. ರಸ ಹಿಂಡದೆ ತೊಳೆಯನ್ನೇ ತಿಂದರೆ ನಾರೂ ಸಿಗುತ್ತದೆ.

ಉಪವಾಸದ ದಿನಗಳಲ್ಲಿ ಪೂರ್ತಿ ಹಸಿದಿರಬೇಡಿ. ದೇವರಿಗೆ ಹಣ್ಣಿನ ಮೇಲೆ ಆಕ್ಷೇಪವಿಲ್ಲ.

ಇನ್ನು ಕಾಫಿ. ಕೊಡಗಿನಲ್ಲಿ ಇದರ ಬಗ್ಗೆ ಬರೆಯಲು ಧೈರ್ಯ ಬೇಕು. ಕಾಫಿ ಕುಡಿಯುವವರಲ್ಲಿ ಪಿತ್ತಕೋಶದ ಕಲ್ಲಿನ ಕಾಟ ಕಡಿಮೆ ಎಂದು ಅಧ್ಯಯನಗಳು ತೋರಿಸಿವೆ, ನಿಜ. ಅದನ್ನೇ ಹಿಡಿದುಕೊಂಡು ಕೆಲವರು ದಿನಕ್ಕೆ ಎಂಟು ಲೋಟ ಕುಡಿಯುತ್ತಾರೆ. ಆದರೆ ಕಾಫಿ ಪಿತ್ತಕೋಶವನ್ನು ಹಿಂಡಿಸುವುದೂ ನಿಜ. ಕಲ್ಲು ಕಟ್ಟುವ ಮೊದಲು ಅದು ಒಳ್ಳೆಯದು, ಕಟ್ಟಿದ ಮೇಲೆ ಕೆಲವರಿಗೆ ನೋವು. ಖಾಲಿ ಹೊಟ್ಟೆಯ ಕಾಫಿಯನ್ನು ತಿಂಡಿಯ ಜೊತೆಗೆ ತಂದುಕೊಳ್ಳಿ, ಎರಡು ವಾರ ಪುಸ್ತಕ ನೋಡಿ, ಆಮೇಲೆ ತೀರ್ಮಾನಿಸಿ. ನಾನು ಬಿಡಲಿಲ್ಲ.

## ಹಂತ 5: ಜಿಡ್ಡನ್ನು ಅಳೆಯಿರಿ, ಶೂನ್ಯ ಮಾಡಬೇಡಿ

ಇಲ್ಲಿ ಎರಡು ದಿಕ್ಕಿನಲ್ಲೂ ತಪ್ಪಾಗುತ್ತದೆ. ಒಂದು, ಎಣ್ಣೆಯನ್ನು ಪೂರ್ತಿ ಬಿಡುವುದು. ಆಗ ಚೀಲಕ್ಕೆ ಹಿಂಡುವ ಕೆಲಸವೇ ಇಲ್ಲ, ಪಿತ್ತ ನಿಲ್ಲುತ್ತದೆ, ಹೊಸ ಕಲ್ಲಿಗೆ ಜಾಗವಾಗುತ್ತದೆ. ಆರಂಭದಲ್ಲಿ ಹೇಳಿದ ಹದಿನೈದು ದಿನದ ಗಂಜಿಯ ಪಾಪ ಇದೇ. ಎರಡು, ಬಾಟಲಿಯಲ್ಲಿರುವುದು ಮಾತ್ರ ಜಿಡ್ಡು ಎಂದುಕೊಳ್ಳುವುದು.

ನಾನು ಇಟ್ಟುಕೊಂಡ ಲೆಕ್ಕ ಒಂದು ಹೊತ್ತಿನ ಊಟಕ್ಕೆ ಎಲ್ಲ ಸೇರಿ 10ರಿಂದ 15 ಗ್ರಾಂ. ನಿಮ್ಮ ವೈದ್ಯರು ಬೇರೆ ಹೇಳಿದ್ದರೆ ಅದೇ ಸರಿ. ಅಳತೆ ಹೀಗೆ: ಒಂದು ಚಮಚ ಎಣ್ಣೆ ಅಥವಾ ತುಪ್ಪ ಸುಮಾರು 5 ಗ್ರಾಂ. ಒಂದು ಮೊಟ್ಟೆಯಲ್ಲಿ 5 ಗ್ರಾಂ, ಎಲ್ಲವೂ ಹಳದಿಯಲ್ಲೇ. 200 ಮಿ.ಲೀ. ಹಸುವಿನ ಹಾಲಿನಲ್ಲಿ 7ರಿಂದ 8, ಎಮ್ಮೆಯದಾದರೆ 13ರ ಹತ್ತಿರ. ಪ್ಯಾಕೆಟ್ ಹಾಲಾದರೆ ಕೊಬ್ಬಿನ ಪ್ರಮಾಣವನ್ನು ಅದರ ಮೇಲೆಯೇ ಬರೆದಿರುತ್ತಾರೆ, ಬಣ್ಣ ನೋಡಿ ಕೊಳ್ಳುವ ಬದಲು ಅದನ್ನು ಓದಿ. ಒಂದು ಹಿಡಿ, ಅಂದರೆ 30 ಗ್ರಾಂ, ನೆಲಗಡಲೆ ಅಥವಾ ಗೋಡಂಬಿಯಲ್ಲಿ 14.

ತೆಂಗಿನಕಾಯಿಗೆ ಬರೋಣ. ಒಂದು ಭಾನುವಾರ ಗೋಣಿಕೊಪ್ಪಲು ಸಂತೆಯಲ್ಲಿ ಪರಿಚಯದವರೊಬ್ಬರು ಸಿಕ್ಕರು. ‘ಎಣ್ಣೆ ಮುಟ್ಟಿ ಮೂರು ತಿಂಗಳಾಯಿತು ಅಕ್ಕ, ಆದರೂ ವಾರಕ್ಕೊಮ್ಮೆ ನೋವು’ ಎಂದರು. ಕೈಚೀಲದಲ್ಲಿ ಆರು ತೆಂಗಿನಕಾಯಿ. ಎಷ್ಟು ದಿನಕ್ಕೆ ಎಂದು ಕೇಳಿದೆ. ‘ಎಷ್ಟು ದಿನಕ್ಕೆ ಅಂದರೆ? ದಿನಕ್ಕೊಂದು ಬೇಡವೇ, ಮೂರು ಜನ ಇದ್ದೇವೆ.’ ಒಂದು ಕಾಯಿಯಲ್ಲಿ 200 ಗ್ರಾಂ ತುರಿ ಬರುತ್ತದೆ ಎಂದುಕೊಳ್ಳಿ. ನೂರು ಗ್ರಾಂ ಹಸಿ ಕೊಬ್ಬರಿಯಲ್ಲಿ ಸುಮಾರು 33 ಗ್ರಾಂ ಜಿಡ್ಡು. ಮೂವರಿಗೆ ಹಂಚಿದರೆ ತಲೆಗೆ 22 ಗ್ರಾಂ, ನಾಲ್ಕು ಚಮಚಕ್ಕೂ ಹೆಚ್ಚು ಎಣ್ಣೆ. ಅವರು ಮುಚ್ಚಿಟ್ಟ ಎಣ್ಣೆ ಬಾಟಲಿ ಸಾರಿನ ಪಾತ್ರೆಯಲ್ಲಿ ತೆರೆದೇ ಇತ್ತು.

ತೆಂಗನ್ನು ಬಿಡಬೇಕಿಲ್ಲ. ನಾಲ್ವರ ಕರಿಗೆ 60 ಗ್ರಾಂ ತುರಿ ಸಾಕು, ತಲೆಗೆ 5 ಗ್ರಾಂ ಆಗುತ್ತದೆ. ಮಂದ ಬೇಕೆಂದರೆ ಒಂದು ಚಮಚ ಅಕ್ಕಿಯನ್ನು ಹುರಿದು ಜೊತೆಗೆ ಅರೆಯಿರಿ, ಅಥವಾ ಬೆಂದ ಕುಂಬಳದ ಎರಡು ತುಂಡು ಮಸೆದು ಸೇರಿಸಿ. ತೆಂಗು ಹಾಕಿದ ದಿನ ಒಗ್ಗರಣೆಗೆ ಒಂದೇ ಚಮಚ.

ಇನ್ನೊಂದು ಬೆಣ್ಣೆಹಣ್ಣು, ಅಂದರೆ ಅವಕಾಡೊ. ತೋಟದಲ್ಲಿ ಬಿದ್ದು ಕೊಳೆಯುತ್ತಿದ್ದ ಹಣ್ಣಿಗೆ ಈಗ ಮಾರುಕಟ್ಟೆ ಬಂದಿದೆ, ‘ಒಳ್ಳೆಯ ಕೊಬ್ಬು’ ಎಂಬ ಹೆಸರೂ ಬಂದಿದೆ. ಹೃದಯಕ್ಕೆ ಒಳ್ಳೆಯದೇ. ಆದರೆ ಪಿತ್ತಕೋಶ ಒಳ್ಳೆಯ ಕೊಬ್ಬು, ಕೆಟ್ಟ ಕೊಬ್ಬು ಎಂದು ಜಾತಿ ನೋಡುವುದಿಲ್ಲ. ನೂರು ಗ್ರಾಂ ತಿರುಳಿನಲ್ಲಿ ಸುಮಾರು 15 ಗ್ರಾಂ ಜಿಡ್ಡು. ದೊಡ್ಡ ಹಣ್ಣು ಇಡೀ ಹಾಕಿ, ಗಟ್ಟಿ ಹಾಲು ಸುರಿದು ಮಾಡಿದ ಮಿಲ್ಕ್‌ಶೇಕ್ ಒಂದು ತಟ್ಟೆ ಪಂದಿಕರಿಗೆ ಕಡಿಮೆಯಿಲ್ಲ. ಎರಡು ಮೂರು ಚಮಚ ತಿರುಳನ್ನು ಒಟ್ಟಿಯ ಮೇಲೆ ಸವರಿ, ಆ ಹೊತ್ತಿಗೆ ಬೇರೆ ಜಿಡ್ಡು ಬೇಡ.

ಬೇಕರಿಯ ಪಫ್ಸ್, ಕರಿದ ಬಜ್ಜಿ, ಪರೋಟ ಇವುಗಳ ಬಗ್ಗೆ ಉದ್ದ ಬರೆಯುವುದಿಲ್ಲ. ನಿಮಗೇ ಗೊತ್ತು.

## ಹಂತ 6: ತಟ್ಟೆ ಕಟ್ಟುವುದು

ನಮ್ಮ ಅದೃಷ್ಟಕ್ಕೆ ಕೊಡಗಿನ ಅಡುಗೆಯ ಅರ್ಧಭಾಗ ಹಬೆಯದು. ಕಡಂಬುಟ್ಟು (ಅಕ್ಕಿ ತರಿಯ ಉಂಡೆ ಕಡುಬು), ನೂಪುಟ್ಟು ಇವುಗಳಲ್ಲಿ ಜಿಡ್ಡು ಇಲ್ಲವೆನ್ನುವಷ್ಟು ಕಡಿಮೆ. ಅಕ್ಕಿ ಒಟ್ಟಿಯನ್ನು ಕಾವಲಿಯ ಮೇಲೆ ಎಣ್ಣೆಯಿಲ್ಲದೆ ಬೇಯಿಸಿ ಕೆಂಡಕ್ಕೆ ಹಿಡಿದರೆ ಅದೂ ಹಾಗೆಯೇ. ಜಿಡ್ಡು ಬರುವುದು ಮೇಲೆ ಸುರಿಯುವ ತುಪ್ಪದಿಂದ, ಪಕ್ಕದ ಎಳ್ಳು ಪಜ್ಜಿಯಿಂದ. ಪಾಪುಟ್ಟಿನಲ್ಲಿ ಹಾಲೂ ತೆಂಗೂ ಇರುತ್ತವೆ, ಅದನ್ನು ಲೆಕ್ಕಕ್ಕೆ ಸೇರಿಸಿ.

ತೊಂದರೆ ಬೇರೆ ಕಡೆ ಇದೆ: ಎಲ್ಲವೂ ಬಿಳಿ ಅಕ್ಕಿ. ನಾರಿಲ್ಲದ ಹಿಟ್ಟು, ಸಕ್ಕರೆ ಹೆಚ್ಚಾದಷ್ಟೂ ಕಲ್ಲು ಕಟ್ಟುವ ಸಂಭವ ಹೆಚ್ಚು. ಹಾಗಾಗಿ ತಟ್ಟೆಯ ಅರ್ಧ ತರಕಾರಿ, ಕಾಲುಭಾಗ ಕಡುಬು ಅಥವಾ ಅನ್ನ, ಉಳಿದ ಕಾಲುಭಾಗ ಬೇಳೆ, ಕಾಳು, ಮೀನು ಅಥವಾ ಕೋಳಿ. ತರಕಾರಿಗೆ ಮಳೆಗಾಲದಲ್ಲಿ ಬರವಿಲ್ಲ: ನೆನೆಸಿ ನೀರು ಬದಲಿಸಿ ಬೇಯಿಸಿದ ಕಣಿಲೆ (ಎಳೆ ಬಿದಿರು), ತೆರ್ಮೆ ಸೊಪ್ಪು (ಜರೀಗಿಡದ ಎಳೆ ಚಿಗುರು), ಕೆಸು, ಗೊತ್ತಿರುವವರು ಆರಿಸಿ ತಂದ ಅಣಬೆ. ಇವು ಎಣ್ಣೆ ಬೇಡುವ ಪದಾರ್ಥಗಳಲ್ಲ. ಎಣ್ಣೆ ಬೇಡುವುದು ನಮ್ಮ ಕೈ. ಬಾಟಲಿಯಿಂದ ನೇರವಾಗಿ ಬಾಣಲೆಗೆ ಸುರಿಯುವ ಅಭ್ಯಾಸ ಬಿಟ್ಟು ಚಮಚದಲ್ಲಿ ಹಾಕಿದ ಮೊದಲ ವಾರ ನನಗೆ ಗೊತ್ತಾದದ್ದು, ಒಂದು ಪಲ್ಯಕ್ಕೆ ನಾನು ಏಳು ಚಮಚ ಹಾಕುತ್ತಿದ್ದೆ ಎಂದು. ಎರಡಕ್ಕೆ ಇಳಿಸಿ, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿದರೆ ತಳ ಹಿಡಿಯುವುದಿಲ್ಲ.

ಏಡಿ, ಹೊಳೆ ಮೀನು ಸಾರಿಗೆ ಒಳ್ಳೆಯದು. ಒಣಮೀನನ್ನು ಕರಿಯದೆ ಕೆಂಡದಲ್ಲಿ ಸುಡಿ. ಕೋಳಿಯ ಚರ್ಮ ತೆಗೆಯಿರಿ.

## ಹಂತ 7: ಪಂದಿಕರಿಯನ್ನು ಏನು ಮಾಡುವುದು

ನೋವು ಬಂದು ಹೋದ ಮೇಲಿನ ಕೆಲವು ವಾರ ಇದರ ಮಾತೇ ಬೇಡ. ಆಮೇಲೆ, ವೈದ್ಯರು ಬೇಡವೆಂದಿಲ್ಲದಿದ್ದರೆ, ತಿಂಗಳಿಗೊಮ್ಮೆ ಈ ರೀತಿ.

ಮಾಂಸದಂಗಡಿಯಲ್ಲಿ ತೊಡೆಯ ಭಾಗ ಕೇಳಿ ಪಡೆಯಿರಿ. ಹೊಟ್ಟೆಭಾಗದ ಮಾಂಸದಲ್ಲಿ ಅರ್ಧ ತೂಕ ಕೊಬ್ಬೇ ಇರುತ್ತದೆ. ನಾವು ಇಷ್ಟಪಡುವ ಪದರ ಪದರದ ತುಂಡು ಅದೇ ಎನ್ನುವುದು ಬೇಸರದ ವಿಷಯ. ಮನೆಯಲ್ಲಿ ಚರ್ಮದಡಿಯ ಬಿಳಿ ಪದರ ಕತ್ತರಿಸಿ ತೆಗೆಯಿರಿ. ಅರಿಶಿನ, ಉಪ್ಪು, ಒಂದಿಷ್ಟು ಶುಂಠಿ ಬೆಳ್ಳುಳ್ಳಿ ಹಾಕಿ, ಎಣ್ಣೆಯಿಲ್ಲದೆ, ಎರಡು ಲೋಟ ನೀರಿನಲ್ಲಿ ಮುಕ್ಕಾಲು ಬೇಯಿಸಿ. ಇಲ್ಲಿ ನಿಲ್ಲಿಸಿ. ಹುರಿದ ಮಸಾಲೆ ಪುಡಿ ಈಗಲೇ ಹಾಕುವುದು ದೊಡ್ಡ ತಪ್ಪು. ಘಮವೆಲ್ಲ ಕೊಬ್ಬಿಗೆ ಅಂಟಿಕೊಂಡು, ನಾಳೆ ಕೊಬ್ಬು ತೆಗೆಯುವಾಗ ಅದರ ಜೊತೆಗೇ ಹೊರಟುಹೋಗುತ್ತದೆ. ನಾನು ಮೊದಲ ಸಲ ಹೀಗೇ ಮಾಡಿ ಮನೆಯವರಿಗೆಲ್ಲ ಆಸ್ಪತ್ರೆಯ ಸಾರು ಬಡಿಸಿದೆ.

ಬಿಸಿ ಇಳಿದೊಡನೆ ಅಗಲವಾದ ಪಾತ್ರೆಗೆ ಸುರಿದು ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಕರೆಂಟು ಕೈಕೊಡುವ ಮಳೆಗಾಲದ ದಿನಗಳಲ್ಲಿ ಈ ಕೆಲಸಕ್ಕೆ ಇಳಿಯಬೇಡಿ. ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲೆ ಮೇಣ ಸುರಿದಂತೆ ಬಿಳಿ ಪದರ ಕಟ್ಟಿರುತ್ತದೆ. ಚಮಚದ ಅಂಚಿನಿಂದ ಒಡೆದರೆ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ, ಕೆಳಗೆ ಕಂದು ಬಣ್ಣದ ಗಟ್ಟಿ ರಸ. ಆ ಬಿಳಿಯನ್ನು ಪೂರ್ತಿ ತೆಗೆದು ಒಂದು ಲೋಟದಲ್ಲಿ ಹಾಕಿ ಮನೆಯವರಿಗೆ ತೋರಿಸಿ, ವಾದ ಅಲ್ಲಿಗೆ ಮುಗಿಯುತ್ತದೆ.

ಈಗ ಒಂದು ಚಮಚ ಎಣ್ಣೆಯಲ್ಲಿ ಈರುಳ್ಳಿ, ಹಸಿಮೆಣಸು ಬಾಡಿಸಿ, ಮಾಂಸ ಸೇರಿಸಿ, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ಸಾಸಿವೆ, ಚೂರು ಮೆಂತ್ಯ ಕಪ್ಪಗಾಗುವವರೆಗೆ ಹುರಿದು ಮಾಡಿದ ಪುಡಿ ಹಾಕಿ ಬೇಯಿಸಿ, ಇಳಿಸುವ ಮೊದಲು ಕಾಚಂಪುಳಿ (ಹಣ್ಣಿನ ರಸ ಕಾಯಿಸಿ ಮಾಡಿದ ಕಪ್ಪು ಹುಳಿ). ನಾಲ್ಕೈದು ಸಣ್ಣ ತುಂಡು, ತುಪ್ಪವಿಲ್ಲದ ಎರಡು ಕಡಂಬುಟ್ಟು, ಪಕ್ಕದಲ್ಲಿ ಒಂದು ದೊಡ್ಡ ಪಾಲು ಪಲ್ಯ. ಮಧ್ಯಾಹ್ನ ಮಾತ್ರ, ರಾತ್ರಿಗೆ ಬೇಡ.

ಕಾಚಂಪುಳಿ ಕೊಬ್ಬನ್ನೂ ಕಲ್ಲನ್ನೂ ಕರಗಿಸುತ್ತದೆ ಎಂಬ ಮಾತಿದೆ. ಅದು ಹುಳಿ, ಅಷ್ಟೇ. ಕರಿಗೆ ಹಾಕಿ, ಚಮಚದಲ್ಲಿ ಕುಡಿಯಬೇಡಿ.

## ಹಂತ 8: ಹಬ್ಬ, ಮದುವೆ ಮತ್ತು ತೂಕ

ಕೈಲ್‌ಪೊಳ್ದಿಗೆ (ಆಯುಧಗಳನ್ನು ಪೂಜಿಸುವ ಹಬ್ಬ) ಕಡುಬು, ಪಂದಿಕರಿ, ಜೊತೆಗೆ ಮದ್ಯ. ಮೂರರಲ್ಲಿ ಕಡುಬು ಮಾತ್ರ ನಿಮ್ಮ ಪಕ್ಷ. ಕಾವೇರಿ ಸಂಕ್ರಮಣದ ದೋಸೆ, ಕುಂಬಳಕಾಯಿ ಕರಿ ಸುಲಭದ ಹಬ್ಬ, ದೋಸೆಗೆ ಎಣ್ಣೆ ಹಿಡಿತದಲ್ಲಿದ್ದರೆ ಸಾಕು. ಸುಗ್ಗಿ ಹಬ್ಬ ಪುತ್ತರಿಯ ಗೆಣಸು ಬೇಯಿಸಿದ್ದು ಧಾರಾಳವಾಗಿ ತಿನ್ನಿ, ತಂಬಿಟ್ಟಿನಲ್ಲಿ ತುಪ್ಪ, ಎಳ್ಳು, ತೆಂಗು ಮೂರೂ ಇರುವುದರಿಂದ ಒಂದು ಉಂಡೆಗೆ ನಿಲ್ಲಿಸಿ. ಮದುವೆಗೆ ಹೋಗುವ ದಿನ ‘ಅಲ್ಲೇ ತಿಂದರಾಯಿತು’ ಎಂದು ಹಸಿದು ಹೋಗುವುದೇ ಮೊದಲ ತಪ್ಪು. ಹೊರಡುವ ಮೊದಲು ಮನೆಯಲ್ಲಿ ತಿಂಡಿ ತಿನ್ನಿ. ಬಡಿಸುವವರಿಗೆ ‘ಪಥ್ಯ’ ಎಂದರೆ ಬಲವಂತ ಹೆಚ್ಚುತ್ತದೆ, ‘ಆಗಲೇ ಆಯಿತು’ ಎಂದರೆ ಮುಂದೆ ಹೋಗುತ್ತಾರೆ. ಮದ್ಯದ ಮಾತು ನೇರವಾಗಿ ಹೇಳುತ್ತೇನೆ: ಮೇದೋಜೀರಕ ಗ್ರಂಥಿಯ ಉರಿಯೂತಕ್ಕೆ ಕಲ್ಲೂ ಒಂದು ಕಾರಣ, ಮದ್ಯವೂ ಒಂದು. ಎರಡನ್ನೂ ಜೊತೆಗೆ ಇಟ್ಟುಕೊಳ್ಳಬೇಡಿ.

ತೂಕ ಇಳಿಸಬೇಕಾದವರು ವಾರಕ್ಕೆ ಅರ್ಧದಿಂದ ಒಂದು ಕೆ.ಜಿ. ಮೀರಬೇಡಿ. ವಾರಕ್ಕೆ ಒಂದೂವರೆ ಕೆ.ಜಿ.ಗಿಂತ ವೇಗವಾಗಿ ಇಳಿದರೆ ಯಕೃತ್ತು ಪಿತ್ತಕ್ಕೆ ಹೆಚ್ಚು ಕೊಲೆಸ್ಟರಾಲ್ ಸುರಿಯುತ್ತದೆ, ಹೊಸ ಕಲ್ಲು ಕಟ್ಟುತ್ತದೆ. ಮದುವೆಗೆ ಮೊದಲು ಒಂದು ತಿಂಗಳಲ್ಲಿ ಎಂಟು ಕೆ.ಜಿ. ಇಳಿಸಿ, ಮದುವೆಯಾದ ಮೇಲೆ ಪಿತ್ತಕೋಶ ತೆಗೆಸಿಕೊಂಡ ಹುಡುಗಿ ನಮ್ಮ ನೆಂಟರಲ್ಲೇ ಇದ್ದಾಳೆ.

## ಹಂತ 9: ಕರಗಿಸುವ ಮದ್ದುಗಳಿಂದ ದೂರವಿರಿ

ಅರ್ಧ ಲೋಟ ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ರಾತ್ರಿ ಕುಡಿಯುವುದು, ಬೆಳಿಗ್ಗೆ ಹಸಿರು ಉಂಡೆಗಳು ಬೀಳುವುದು: ಈ ವಿಡಿಯೊ ನಿಮ್ಮ ಮೊಬೈಲ್‌ಗೂ ಬಂದಿರುತ್ತದೆ. ಆ ಉಂಡೆಗಳು ಕುಡಿದ ಎಣ್ಣೆಯೇ ಕರುಳಿನಲ್ಲಿ ಸಾಬೂನಿನಂತೆ ಗಟ್ಟಿಯಾದವು. ಕಲ್ಲು ಇದ್ದಲ್ಲೇ ಇರುತ್ತದೆ. ಅಷ್ಟು ಎಣ್ಣೆಗೆ ಚೀಲ ಹೇಗೆ ಹಿಂಡುತ್ತದೆ ಎಂದು ಮೇಲೆ ಓದಿದ್ದೀರಿ. ಕಲ್ಲು ನಾಳಕ್ಕೆ ಜಾರಿದರೆ ಹೊಣೆ ವಿಡಿಯೊ ಮಾಡಿದವನದಲ್ಲ.

ಕರಗಿಸುವ ಮಾತ್ರೆ ಇದೆ, ಅರ್ಸೋಡಿಆಕ್ಸಿಕೋಲಿಕ್ ಆಮ್ಲ. ಅದು ಸಣ್ಣ, ಸುಣ್ಣ ಕಟ್ಟದ ಕೊಲೆಸ್ಟರಾಲ್ ಕಲ್ಲುಗಳಿಗೆ ಮಾತ್ರ, ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕು, ಬಿಟ್ಟ ಐದು ವರ್ಷದೊಳಗೆ ಅರ್ಧದಷ್ಟು ಮಂದಿಗೆ ಕಲ್ಲು ಮರಳುತ್ತದೆ. ಯಾರಿಗೆ ಸರಿ ಎಂದು ವೈದ್ಯರೇ ಹೇಳಬೇಕು.

## ಹಂತ 10: ಶಸ್ತ್ರಚಿಕಿತ್ಸೆಯ ದಿನ ಮತ್ತು ಆಮೇಲಿನ ಊಟ

ಹೊತ್ತು, ಅಳತೆ ಎರಡೂ ಸರಿ ಇದ್ದು ನೋವು ಮರಳುತ್ತಿದ್ದರೆ ಊಟದ ಮಿತಿ ಅಲ್ಲಿಗೆ ಮುಗಿಯಿತು. ಪಥ್ಯವನ್ನು ಇನ್ನಷ್ಟು ಬಿಗಿ ಮಾಡುತ್ತ ಮುಂದೂಡುವವರೇ ಕೊನೆಗೆ ಸೋಂಕು ತಗಲಿಸಿಕೊಂಡು ರಾತ್ರೋರಾತ್ರಿ 120 ಕಿ.ಮೀ. ದೂರದ ಮೈಸೂರಿಗೆ ಓಡುವುದು. ಚೀಲವನ್ನು ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ರಂಧ್ರಗಳನ್ನು ಮಾಡಿ, ತೆಗೆಯುತ್ತಾರೆ. ನೋವಿಲ್ಲದ ಹೊತ್ತಿನಲ್ಲಿ ದಿನ ಗೊತ್ತು ಮಾಡಿಕೊಂಡು ಹೋಗುವುದು ಎಲ್ಲ ರೀತಿಯಲ್ಲೂ ಸುಲಭ. ನಾನು ಕಾಫಿ ಕೊಯ್ಲು ಮುಗಿದ ಮೇಲೆ ಹೋದೆ.

ಚೀಲವಿಲ್ಲದೆ ಜೀವನಪೂರ್ತಿ ಸಪ್ಪೆ ಊಟ ಎಂಬ ಭಯ ಬೇಡ. ಯಕೃತ್ತು ಪಿತ್ತವನ್ನು ಮಾಡುತ್ತಲೇ ಇರುತ್ತದೆ, ಕೂಡಿಡದೆ ನೇರವಾಗಿ ಕರುಳಿಗೆ ಬಿಡುತ್ತದೆ. ಮೊದಲ ಒಂದೆರಡು ವಾರ ಗಂಜಿ, ನೂಪುಟ್ಟು, ಬೇಳೆ ತಿಳಿ, ಬೆಂದ ತರಕಾರಿ, ಸ್ವಲ್ಪ ಸ್ವಲ್ಪವಾಗಿ ಐದಾರು ಸಲ. ಮೂರನೆಯ ವಾರ ದಿನಕ್ಕೆ ಒಂದು ಚಮಚ ಜಿಡ್ಡು ಹೆಚ್ಚಿಸಿ, ಮೂರು ದಿನ ನೋಡಿ, ಮತ್ತೊಂದು ಚಮಚ. ಕೆಲವರಿಗೆ ಜಿಡ್ಡು ತಿಂದ ಕೂಡಲೇ ಹೊಟ್ಟೆ ಸಡಿಲವಾಗುತ್ತದೆ. ಹಾಗಾದರೆ ಹಿಂದಿನ ಅಳತೆಗೆ ಮರಳಿ ಒಂದು ವಾರ ನಿಂತು, ಆಮೇಲೆ ಮತ್ತೆ ಏರಿಸಿ. ತಿಂಗಳಾದರೂ ನಿಲ್ಲದಿದ್ದರೆ ಚಿಕಿತ್ಸೆ ಮಾಡಿದವರಿಗೆ ತಿಳಿಸಿ, ಅದಕ್ಕೆ ಔಷಧವಿದೆ.